ಹಳೆಯ ಕಂಪ್ಯೂಟರಿನೊಳಗೆ ಒಂದು ಚರಗ

ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ ನಾನು ಸ್ನಾನಕ್ಕೆ ಹೋಗುತ್ತಿದ್ದೆ. ಮೈ ಒರೆಸಿಕೊಂಡು, ಅಂಗಿ ತೊಟ್ಟು, ಚಹಾ ಕುಡಿದು ಬಂದು ಕೂರುವಷ್ಟರಲ್ಲಿ ಅದು ಕಣ್ಣು ಬಿಟ್ಟಿರುತ್ತಿತ್ತು. ಇದನ್ನು ನಾನು ದೋಷವೆಂದು ಎಂದೂ ಎಣಿಸಲಿಲ್ಲ. ನನಗೂ ಈಗೀಗ ಹಾಸಿಗೆಯಲ್ಲಿ ಎದ್ದು ಕೂತ ಮೇಲೆ ಇದು ಯಾವ ಊರು, ಇವತ್ತು ಯಾವ ವಾರ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕು. ಯಂತ್ರವಾದರೇನು, ಅದಕ್ಕೂ ವಯಸ್ಸು ಆಗುತ್ತದೆ ಎಂದುಕೊಂಡು ಸುಮ್ಮನಿದ್ದೆ.

ನಾನು ವಿಮೆಯ ಏಜೆಂಟ್. ಜನರಿಗೆ ಏನೇನು ಕೇಡು ಆಗಬಹುದೋ ಅದನ್ನೆಲ್ಲ ಬಿಡಿಸಿ ಹೇಳುವುದೇ ನನ್ನ ಕಸುಬು. ಬಸವಕಲ್ಯಾಣದಲ್ಲಿ ನಾನು ಗಾಡಿ ನಿಲ್ಲಿಸಿದ ಮನೆಯ ಮುಂದೆ ಅಕ್ಕಪಕ್ಕದವರು ಇಣುಕಿ ನೋಡುತ್ತಾರೆ, ಏನೋ ಆಗಿದೆ ಎಂದು. ಈ ಕಸುಬಿಗೆ ಬಂದದ್ದರಿಂದ ನನಗೆ ಹೆದರಿಕೆ ಅಂಟಿತೋ, ಹೆದರುವವನಾದ್ದರಿಂದ ಈ ಕಸುಬಿಗೆ ಬಂದೆನೋ ನನಗೇ ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ ಎರಡನೆಯದೇ ಖರೆ ಅನ್ನುತ್ತಾಳೆ.

ಆ ಹೆದರಿಕೆಯೆಲ್ಲ ನನ್ನ ಕಂಪ್ಯೂಟರಿನೊಳಗೂ ಹೋಗಿ ಕೂತಿತ್ತು. ವೈರಸ್ ಬಂದೀತೆಂದು ಒಂದು ಕಾವಲಿನ ಸಾಫ್ಟ್‌ವೇರ್ ಹಾಕಿದ್ದೆ. ಆ ಕಾವಲಿನವನು ಮಲಗಿದರೆ ಎಂದು ಇನ್ನೊಂದು. ಫೈಲುಗಳು ಹೋದಾವೆಂದು ಅವುಗಳ ಪ್ರತಿ ತೆಗೆದು ಎಲ್ಲಿಗೋ ಕಳಿಸುವ ಒಂದು. ಬಾಗಿಲ ಮೇಲಿನ ಕ್ಯಾಮೆರಾ ಕಂಡದ್ದನ್ನು ಪರದೆಯ ಮೂಲೆಯಲ್ಲಿ ತೋರಿಸುವ ಮತ್ತೊಂದು. ಮಳೆ ಬರುತ್ತದೆಯೇ ಎಂದು ಹೇಳುವುದಂತೂ ಬೇಸಿಗೆಯಲ್ಲೂ ಇರಬೇಕು. ಇವೆಲ್ಲ ಕಂಪ್ಯೂಟರಿನ ಜೊತೆಗೇ ಎದ್ದು, ಅದರ ಬಲವನ್ನೇ ದಿನವಿಡೀ ಉಣ್ಣುತ್ತಿದ್ದವು. ನಾನು ಪಾಲಿಸಿಯ ಕೆಲಸವನ್ನೆಲ್ಲ ಫೋನಿನಲ್ಲೇ ಮಾಡಲು ಕಲಿತ ಮೇಲೆ ಆ ಯಂತ್ರಕ್ಕೆ ತನ್ನನ್ನು ತಾನು ಕಾಯುವುದು ಬಿಟ್ಟರೆ ಬೇರೆ ಕೆಲಸವೇ ಉಳಿದಿರಲಿಲ್ಲ.

ಹೀಗಿರುವಾಗ ಹುಮನಾಬಾದಿನಲ್ಲಿ ನನ್ನ ಹೆಂಡತಿಯ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ರಾಡ್ ಹಾಕಿದರು. ಡಾಕ್ಟರು ಹೇಳಿದ್ದು ಸರಳ: ದಿನಾ ಸಂಜೆ ಕುರ್ಚಿಯ ಮೇಲೆ ನೆಟ್ಟಗೆ ಕೂಡಬೇಕು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಬೇಕು, ಮಲಗಿಯೇ ಇದ್ದರೆ ಕಾಲು ಬಲ ಕಳೆದುಕೊಳ್ಳುತ್ತದೆ. ಅಕ್ಕ ಆಗಲಿ ಎಂದು ತಲೆ ಆಡಿಸಿದರು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಯಾರು ಹೇಳಿದರೂ ಏಳಲಿಲ್ಲ.

ಅವರನ್ನು ಎಬ್ಬಿಸಿ ಕೂರಿಸಿದ್ದು ಒಂದು ಆಟ. ಹಾಸ್ಟೆಲಿನಲ್ಲಿ ಓದುವ ಅವರ ಮಗಳು ರಜೆಗೆ ಬಂದಾಗ ಅಪ್ಪನ ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಹಾಕಿ ಹೋದದ್ದು. ಗುಂಡು ಹಾರಿಸುವ ಆಟವಲ್ಲ, ಒಕ್ಕಲುತನದ ಆಟ. ಟ್ರ್ಯಾಕ್ಟರ್ ಏರಿ ಹೊಲ ಹರಗಬೇಕು, ಬಿತ್ತಬೇಕು, ಗೊಬ್ಬರ ಹಾಕಬೇಕು, ಬೆಳೆ ಬಂದ ಮೇಲೆ ರಾಶಿ ಮಾಡಬೇಕು. ಅಕ್ಕ ತಂಗಿಯರ ತವರು ಕೊಹಿನೂರ ಎಂಬ ಹಳ್ಳಿ. ಅಲ್ಲಿ ಅವರ ತಮ್ಮ ಈಗಲೂ ಹೊಲ ಮಾಡುತ್ತಾನೆ. ಅಕ್ಕ ಮದುವೆಗೆ ಮುಂಚೆ ಎತ್ತು ಹೂಡಿ ಕುಂಟೆ ಹೊಡೆದವರು. ಮದುವೆಯಾದ ಮೇಲೆ ಪೈಪು, ಮೋಟಾರು ಮಾರುವ ಗಂಡನ ಅಂಗಡಿಯ ಹಿಂದಿನ ಮನೆಯಲ್ಲಿ ಸಂಸಾರ. ಮಲಗಿದ್ದಲ್ಲೇ ಒಂದು ಕಣ್ಣು ತೆರೆದು ಲ್ಯಾಪ್‌ಟಾಪು ನೋಡಿದರಂತೆ. "ಇದೇನು ಹಿಂಗ ಅಡ್ಡಾದಿಡ್ಡಿ ಹೊಡದಾಳ ಇಕಿ, ಸಾಲು ಸೊಟ್ಟ ಆಗ್ಯಾವ" ಎಂದು ಮಗಳನ್ನು ಬೈದು ಎದ್ದು ಕೂತರಂತೆ. ಅಂದಿನಿಂದ ಸಂಜೆಯಾದರೆ ಕುರ್ಚಿ, ಕುರ್ಚಿಯ ಮುಂದೆ ಹೊಲ.

ಕೆಲವು ದಿನಗಳಾದ ಮೇಲೆ ನನ್ನ ಹೆಂಡತಿಗೆ ಫೋನ್ ಬಂತು.

"ಏ ತಂಗಿ, ಒಬ್ಬಾಕಿ ಹೊಲದಾಗ ಏನ್ ಮಾಡ್ಲಿ? ಮಾತಾಡಾಕ ಒಂದ್ ನರಪಿಳ್ಳೆ ಇಲ್ಲ. ಇದರಾಗ ಇಬ್ಬರು ಆಡಾಕ ಬರ್ತದಂತ. ನೀ ಅಲ್ಲಿಂದ, ನಾ ಇಲ್ಲಿಂದ. ನೀನೂ ಬಾ."

"ಬರ್ತೀನಿ ಅಕ್ಕಾ. ನಮ್ಮನಿ ಡಬ್ಬಿ ಬರಗೊಟ್ರ ಬರ್ತೀನಿ."

ಡಬ್ಬಿ ಎಂದರೆ ನನ್ನ ಕಂಪ್ಯೂಟರು.

ಆಟ ಕೊಂಡು ಹಾಕಿದೆ. ಮೊದಲ ಸಂಜೆ ಹೆಂಡತಿಯ ಟ್ರ್ಯಾಕ್ಟರು ಹತ್ತು ಮಾರು ಹೋಗಿ ನಿಂತಿತು, ಆಮೇಲೆ ಜಿಗಿದು ಬದುವಿನ ಮೇಲೆ ಹೋಗಿ ಬಿತ್ತು, ಏನಾಯಿತೆಂದು ನೋಡಲು ನಾನು ಆಟ ಬಿಟ್ಟು ಬೇರೆ ಕಿಟಕಿ ತೆರೆಯಹೋದರೆ ಪರದೆಯೇ ಕಪ್ಪಾಯಿತು. ಮರುದಿನವೂ ಅಷ್ಟೆ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತಿತ್ತು. ಫೋನಿನಲ್ಲಿ ಅಕ್ಕ, "ತಂಗಿ, ನೀ ಎಲ್ಲಿ ಮಾಯ ಆದಿ?" ಎಂದು ಕೇಳುತ್ತಿದ್ದರು. ಸ್ವಲ್ಪ ಹೊತ್ತು ಕಾದು, "ಇರ್ಲಿ ಬಿಡು, ನನಗೂ ಬ್ಯಾನಿ ಆಗಾಕತ್ತದ" ಎಂದು ಫೋನಿಡುತ್ತಿದ್ದರು.

ಮೂರನೆಯ ಸಂಜೆ ಅವರ ಗಂಡನ ಫೋನು ನನಗೆ ಬಂತು. ಷಡ್ಡಕರು ನನಗಿಂತ ದೊಡ್ಡವರು, ನಾನು ಅವರನ್ನು ಅಣ್ಣಾರ ಎಂದು ಕರೆಯುತ್ತೇನೆ. ಅವರು ನನ್ನನ್ನು ಕಾಡದೆ ಒಂದು ಮಾತೂ ಆಡಿದವರಲ್ಲ.

"ಏಜೆಂಟ್ ಸಾಹೇಬ್ರ, ಆ ಕಂಪ್ಯೂಟರಕ್ಕ ಪಾಲಿಸಿ ಮಾಡ್ಸೀರೋ ಇಲ್ಲೋ? ಮಾಡ್ಸಿದ್ರ ಕ್ಲೇಮ್ ಹಾಕ್ರಿ. ಅದು ಹೋಗ್ಯಾದ."

"ಇನ್ನೂ ಹೋಗಿಲ್ಲರಿ ಅಣ್ಣಾರ. ಜರಾ ದಮ್ಮು ಹತ್ಯಾದ."

"ನಗೀ ಮಾತು ಇರ್ಲಿರಿ." ದನಿ ಇಳಿಯಿತು. "ನಿಮ್ಮದು ನಿಂತ ಕೂಡ್ಲೇ ಇಕಿ ಹೋಗಿ ಮಲಕೋತಾಳ. ಮೊದಲು ಒಬ್ಬಾಕೇ ಆಡ್ತಿದ್ಳು, ಈಗ ತಂಗಿ ಬರದಿದ್ರ ಒಲ್ಲೆ ಅಂತಾಳ. ಎರಡ್ ದಿನ ಆಯ್ತು, ಕುರ್ಚಿ ಖಾಲಿ. ಡಾಕ್ಟರ್ ನನಗ ಬೈಯಾಕತ್ಯಾರ. ಏನರ ಮಾಡ್ರಿ."

ಒಬ್ಬರ ಕಾಲಿನ ಬಲ ನನ್ನ ಕಂಪ್ಯೂಟರಿನ ಮೇಲೆ ನಿಂತಿದೆ ಎಂದರೆ ಅದು ಯಾವ ಪಾಲಿಸಿಯಲ್ಲೂ ಬರೆಯದ ಅಪಾಯ.

ಅಂಜುಬುರುಕನಿಗೆ ತೊಂದರೆ ಬಂದಾಗ ಅವನು ಏನನ್ನೂ ತೆಗೆಯುವುದಿಲ್ಲ, ಇನ್ನೊಂದನ್ನು ತಂದು ಸೇರಿಸುತ್ತಾನೆ. ನಾನೂ ಹಾಗೇ ಮಾಡಿದೆ. ಕಂಪ್ಯೂಟರನ್ನು ಚುರುಕು ಮಾಡುತ್ತೇವೆ ಎಂದು ಹೇಳಿಕೊಳ್ಳುವ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ಒಂದು ಹಾಕಿದೆ. ಅದು ಸಾಲದೆಂದು ಎರಡನೆಯದು. ಮೊದಲನೆಯದು ಎರಡನೆಯದನ್ನು ಕಳ್ಳನೆಂದು ತೋರಿಸಿತು, ಎರಡನೆಯದು ಮೊದಲನೆಯದನ್ನು. ನ್ಯಾಯ ಹೇಳಲು ಮೂರನೆಯದನ್ನು ತಂದೆ. ಈಗ ಕಂಪ್ಯೂಟರು ಏಳುವ ಹೊತ್ತಿಗೆ ನನಗೆ ಸ್ನಾನ, ಚಹಾ, ನಾಷ್ಟಾ ಮೂರೂ ಮುಗಿಯುತ್ತಿದ್ದವು. ಪೆಟ್ಟಿಗೆ ಬಿಚ್ಚಿ ಧೂಳು ಕೊಡವಿದೆ. ಅದರಿಂದ ಫ್ಯಾನಿನ ಕೂಗು ಸ್ವಲ್ಪ ತಗ್ಗಿತು, ನನಗೆ ಸೀನು ಹತ್ತಿತು. ಅಷ್ಟೇ ಲಾಭ.

ಭಾನುವಾರ ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಸುತ್ತಿ, ಹೆಂಡತಿಯ ತೊಡೆಯ ಮೇಲಿಟ್ಟು ಹುಮನಾಬಾದಿಗೆ ಬಸ್ಸಿನಲ್ಲಿ ಒಯ್ದೆವು. ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯವನು ಒಳಗೆ ಇಣುಕಿ, "ರ‍್ಯಾಮ್ ಕೂಡಿಸಬೇಕಂದ್ರ ಎರಡನೇ ಖಾನೇನೇ ಸತ್ತದರಿ. ಇದ್ದಷ್ಟರಾಗ ನಡಸ್ರಿ, ಇಲ್ಲ ಹೊಸಾದ್ ತಗೋರಿ" ಎಂದ. ಹೊಸದನ್ನು ಹೆಂಡತಿಯೇ ಬೇಡವೆಂದಳು. "ಅಕ್ಕ ಎದ್ದು ಅಡ್ಡಾಡೋ ತನಕ ನಡದ್ರ ಸಾಕು. ಆಮ್ಯಾಲ ಯಾರು ಆಡ್ತಾರ?"

ಅಲ್ಲಿಂದ ಅಕ್ಕನ ಮನೆಗೆ ಹೋದೆವು. ಅವರು ಮಲಗಿಯೇ ಇದ್ದರು. ಚಾದರದ ಗಂಟು ಹೊತ್ತು ನಿಂತ ನನ್ನನ್ನು ನೋಡಿ, "ಬರ್ರಿ ಸಾಹೇಬ್ರ. ಯಾರದು, ಕೂಸು ಹುಟ್ಟ್ಯಾದೇನು?" ಎಂದರು.

"ಕೂಸಲ್ಲರಿ ಅಕ್ಕಾರ, ಮುದುಕ" ಎಂದೆ.

ಅಕ್ಕ ಬಹಳ ದಿನಗಳ ಮೇಲೆ ನಕ್ಕರೆಂದು ಷಡ್ಡಕರು ಕಣ್ಣಲ್ಲೇ ನನಗೆ ಹೇಳಿದರು. ಆದರೆ ಮಾತು ಎಳ್ಳಮಾಸೆಗೆ ತಿರುಗಿದ ಕೂಡಲೇ ಅಕ್ಕನ ಮುಖ ಮತ್ತೆ ಗೋಡೆಯ ಕಡೆ ಹೋಯಿತು.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಸೊಪ್ಪು, ಕಾಳು, ಕಾಯಿಪಲ್ಯ ಎಲ್ಲ ಕೂಡಿಸಿದ ಭಜ್ಜಿ, ಮಡಕೆಯಲ್ಲಿ ಅಂಬಲಿ, ಬುಟ್ಟಿಯ ತುಂಬ ಕಡಬು, ರೊಟ್ಟಿ. ಜೋಳದ ದಂಟಿನ ಕೊಂಪೆಯಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಉಣ್ಣುವ ಮುಂಚೆ ಹೊಲಕ್ಕೆ ಚರಗ ಚೆಲ್ಲಬೇಕು. ಮುಂದೆ ಒಬ್ಬರು ನೈವೇದ್ಯದ ಅನ್ನ ಭಜ್ಜಿ ಚೆಲ್ಲುತ್ತ, ಕೂಗುತ್ತ ಹೊಲದ ಅಂಚಿನಗುಂಟ ನಡೆಯುತ್ತಾರೆ. ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಮರುಕೂಗು ಕೊಡುತ್ತಾರೆ. ಸಾಮಾನ್ಯವಾಗಿ ಇದು ಗಂಡಸರ ಕೆಲಸ. ಆದರೆ ಆ ಮನೆಯಲ್ಲಿ ತಮ್ಮ ಹುಟ್ಟುವ ಮುಂಚಿನಿಂದಲೂ ಮುಂದಿನ ಕೂಗು ಅಕ್ಕನದು, ಹಿಂದಿನದು ತಂಗಿಯದು. ತಮ್ಮ ದೊಡ್ಡವನಾದ ಮೇಲೂ ಆ ಹಕ್ಕನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. ಹುಮನಾಬಾದಿನಿಂದ ಪ್ರತಿ ವರ್ಷ ಹೋಗಿ ಕೂಗಿ ಬರುತ್ತಿದ್ದರು.

"ಈ ಸಲ ಆ ದಿನ ನನ್ನನ್ನ ಯಾರೂ ಎಬ್ಬಿಸಬ್ಯಾಡ್ರಿ" ಎಂದರು ಅಕ್ಕ. "ಕುರ್ಚಿನೂ ಬ್ಯಾಡ, ಆಟಾನೂ ಬ್ಯಾಡ. ಮಾರಿ ಮ್ಯಾಲ ಹೊದ್ಕಿ ಎಳಕೊಂಡು ಮಲಗ್ತೀನಿ."

ನನ್ನ ಹೆಂಡತಿ ಅವರ ಕಾಲ ಹತ್ತಿರ ಕೂತಿದ್ದಳು. "ಯಾಕ, ಹೊಲ ಇಲ್ಲೇನು ನಮಗ?"

"ಯಾ ಹೊಲ?"

"ಕಂಪ್ಯೂಟರನ್ಯಾಗಿಂದು. ನೀ ಜೋಳ ಹಾಕೀದಿ ಅಲ್ಲ, ತೆನಿ ಬಂದಾವ. ಅಲ್ಲೇ ಚೆಲ್ಲೋಣು. ನೀ ಮುಂದ, ನಾ ಹಿಂದ."

ಅಕ್ಕ ಮೊದಲು ನಕ್ಕರು. ಆಮೇಲೆ ಯೋಚನೆಗೆ ಬಿದ್ದರು. ನಾನು ಆಟದ ಹೊಲಕ್ಕೆ ಚರಗವೇ, ದೇವರು ಏನಂದುಕೊಂಡಾನು ಎಂದು ಹೆದರುತ್ತ ಕೂತಿದ್ದೆ. ಅವರು ಯೋಚಿಸುತ್ತಿದ್ದದ್ದು ಬೇರೆ.

"ನಿನ್ನ ಟ್ರ್ಯಾಕ್ಟರ್ ನಡುವ ಮಾಯ ಆದ್ರ ಏನ್ ಮಾಡ್ತಿ? ಚರಗ ಅರ್ಧಕ್ಕ ಬಿಡಬಾರ್ದು ತಂಗಿ. ಅರ್ಧಕ್ಕ ಬಿಡೋದಿದ್ರ ನಾ ಏಳೋದೇ ಇಲ್ಲ."

"ಮಾಯ ಆಗಲ್ಲ" ಎಂದಳು ಹೆಂಡತಿ, ನನ್ನ ಕಡೆ ನೋಡುತ್ತ.

ವಾಪಸು ಬರುವಾಗ ಬಸ್ಸಿನಲ್ಲಿ ಚಾದರದ ಗಂಟು ನನ್ನ ತೊಡೆಯ ಮೇಲಿತ್ತು. ಅಮಾವಾಸ್ಯೆ ಮುಂದಿನ ವಾರ.

ಆ ವಾರದಲ್ಲಿ ನಾನು ಮಾಡಿದ ದೊಡ್ಡ ಸಾಹಸ ಆಟದ ಸೆಟ್ಟಿಂಗುಗಳಿಗೆ ಕೈ ಹಾಕಿದ್ದು. ಆಟಕ್ಕೆ ಎಷ್ಟು ಚಂದ ಕಾಣಬೇಕು ಎಂದು ನಾವೇ ಹೇಳಬಹುದಂತೆ. ಚಂದ ಕಡಿಮೆಯಾದಷ್ಟೂ ಯಂತ್ರಕ್ಕೆ ಭಾರ ಕಡಿಮೆ. ನೆರಳು ತೆಗೆದೆ. ಮೋಡ ತೆಗೆದೆ. ದೂರದ ಗುಡ್ಡ ಮಸುಕು ಮಾಡಿದೆ. ಪರದೆಯ ಅಳತೆ ಇಳಿಸಿದೆ. ಕೊನೆಗೆ ಹುಲ್ಲು-ಬೆಳೆಯ ದಟ್ಟಣೆ ಎಂಬುದೊಂದು ಕಂಡಿತು. ಅದನ್ನು ತಳಕ್ಕೆ ಎಳೆದೆ. ಟ್ರ್ಯಾಕ್ಟರು ಎಣ್ಣೆ ಹಚ್ಚಿದ ಹಾಗೆ ಓಡತೊಡಗಿತು! ನಾನು ಕುರ್ಚಿಯಿಂದ ಎದ್ದು ಹೆಂಡತಿಯನ್ನು ಕೂಗಿದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ಬೆಳಿ ಎಲ್ಲಿ?"

"ಬೆಳಿ ಅದ. ಆದ್ರ ಕಾಣಂಗಿಲ್ಲ. ಭಾರ ಇಳಸಾಕ ಕಡಿಮಿ ಮಾಡೀನಿ."

ಅವಳು ಪರದೆಯ ಹತ್ತಿರ ಬಗ್ಗಿದಳು. ಮಣ್ಣು, ಮಣ್ಣಿನ ಮೇಲೆ ಅಲ್ಲೊಂದು ಇಲ್ಲೊಂದು ಕಡ್ಡಿ.

"ಬೋಳ ಹೊಲಕ್ಕ ಚರಗ ಚೆಲ್ತಾರೇನ್ರಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. "ಬೆಳಿ ಬಸುರಾಗ್ಯಾದ ಅಂತ ಹೊಲಕ್ಕ ಉಣಸೋದು ಅದು. ಬೆಳೀನೇ ಕಿತ್ತಿಟ್ಟು ಯಾರಿಗಿ ಉಣಸ್ಲಿ? ಮೊದಲ ಇದ್ದಂಗ ಮಾಡ್ರಿ."

"ಮಾಡಿದ್ರ ಮತ್ತ ನಿಂದ್ರತದ."

"ಹಂಗಂದ್ರ ಬ್ಯಾರೆ ಏನರ ತಗೀರಿ. ನನ್ನ ಬೆಳಿ ಇರ್ಲಿ, ನಿಮ್ಮ ಚೌಕೀದಾರ್ರು ಹೋಗ್ಲಿ."

ಕೈ ತೊಳೆದುಕೊಂಡು ಬಂದು ಸ್ಟೂಲು ಎಳೆದು ನನ್ನ ಪಕ್ಕ ಕೂತಳು. ಒಳಗೆ ಯಾರು ಯಾರು ಎಷ್ಟೆಷ್ಟು ಉಣ್ಣುತ್ತಿದ್ದಾರೆ ಎಂದು ತೋರಿಸುವ ಪಟ್ಟಿಯನ್ನು ತೆರೆಸಿದಳು. ನಾನು ಆ ಪಟ್ಟಿಯನ್ನು ಮೊದಲೂ ನೋಡಿದ್ದೆ, ನೋಡಿ ಹೆದರಿ ಮುಚ್ಚಿದ್ದೆ. ಅವಳಿಗೆ ಅದು ಕಳೆ ಬೆಳೆದ ಹೊಲದ ಹಾಗೆ ಕಂಡಿರಬೇಕು. ಮೇಲಿನ ಸಾಲಿನಿಂದ ಶುರು ಮಾಡಿದಳು.

"ಇದು ಯಾರು?"

"ಪ್ರಿಂಟರಿಂದು. ಹೊಸದೇನರ ಬಂದದೇನು ಅಂತ ಕಂಪನಿಗಿ ಕೇಳಾಕತ್ತಿರ್ತದ."

"ಪ್ರಿಂಟರ್ ಎಲ್ಲದ?"

ಪ್ರಿಂಟರನ್ನು ನಾವು ಮಾರಿ ಬಹಳ ಕಾಲವಾಗಿತ್ತು.

"ಲಾಭ" ಎಂದಳು.

ರಾಶಿಯ ಕಣದಲ್ಲಿ ಧಾನ್ಯ ಅಳೆಯುವಾಗ ನಮ್ಮವರು ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಎರಡರಿಂದ ಮುಂದೆ ಎಣಿಕೆ. ಕಂಪ್ಯೂಟರಿನ ಕಸ ತೆಗೆಯುವಾಗಲೂ ಅವಳ ಬಾಯಿಗೆ ಅದೇ ಬಂತು. ಅವಳು ಹೇಳಿದಳು, ನಾನು ತೆಗೆದೆ. ಮತ್ತೆ ಕಂಪ್ಯೂಟರ್ ಜೊತೆಗೆ ತಾನಾಗಿ ಏಳದ ಹಾಗೆ ಮಾಡಿದೆ.

"ಇದು?"

"ಬಾಗಿಲ ಕ್ಯಾಮೆರಾ. ಯಾರರ ಬಂದ್ರ ಕಾಣಲಿ ಅಂತ."

"ಬಾಗಿಲು ಎಲ್ಲದ?"

ಬಾಗಿಲು ನನ್ನ ಬೆನ್ನ ಹಿಂದೆಯೇ ಇತ್ತು, ತೆರೆದೇ ಇತ್ತು.

"ತಿರುಗಿ ನೋಡ್ರಿ ಜರಾ. ಯಾರರ ಬಂದಾರೇನು?"

"ಇಲ್ಲ."

"ಎರಡು."

ಅವಳು ಪ್ರತಿಯೊಂದಕ್ಕೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇವತ್ತು ಇದು ಏನು ಕೆಲಸ ಮಾಡಾಕತ್ತದ? ನನ್ನ ಬಳಿ ಇದ್ದದ್ದೂ ಒಂದೇ ಉತ್ತರ: ನಾಳೆ ಏನರ ಆದ್ರ? ಇಪ್ಪತ್ತು ವರ್ಷ ಆ ಉತ್ತರವನ್ನು ಹೇಳಿಯೇ ನಾನು ಹೊಟ್ಟೆ ಹೊರೆದಿದ್ದೇನೆ. ಅವಳ ಎದುರು ಅದು ಒಂದು ಸಲವೂ ಗೆಲ್ಲಲಿಲ್ಲ. ಇಂಟರ್ನೆಟ್ಟಿನ ಕಿಟಕಿ ತೆರೆದಾಗಂತೂ ನನಗೆ ನಾಚಿಕೆಯಾಯಿತು. ಮುಂದೆ ಬೇಕಾದೀತೆಂದು ಮುಚ್ಚದೆ ಬಿಟ್ಟ ಪುಟಗಳು ಸಾಲಾಗಿ ನಿಂತಿದ್ದವು. ಪಿತ್ತಕೋಶದ ಕಲ್ಲು, ಎದೆ ಉರಿ ಮತ್ತು ಎದೆ ನೋವಿನ ವ್ಯತ್ಯಾಸ, ಎಡಗೈ ಜೋಮು.

"ಇವೆಲ್ಲಾ ಯಾರ ಬ್ಯಾನಿ?"

"ನಂದೇ. ಇನ್ನೂ ಬಂದಿಲ್ಲ."

"ಬಂದಾಗ ತೆಗದ್ರಾಯ್ತು. ಮುಚ್ಚರಿ." ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ.

ವೈರಸ್ ಕಾವಲುಗಳ ಹತ್ತಿರ ಬಂದಾಗ ಮಾತ್ರ ನಾನು ಹಟ ಹಿಡಿದೆ. ಅವಳೂ ಒಪ್ಪಿದಳು. "ಮನಿಗಿ ಒಂದ್ ನಾಯಿ ಬೇಕು. ಆದ್ರ ಕಂಪ್ಯೂಟರ್ ಜೊತಿಗೇ ಬಂದದ್ದು ಒಂದು ಅದ ಅಲ್ಲ, ಅದು ಇರ್ಲಿ. ನೀವು ತಂದು ಕಟ್ಟಿದ ಈ ಎರಡು ಒಂದಕ್ಕೊಂದು ಬೊಗಳ್ಕೋತ ಕೂತಾವ." ಅವೂ ಹೋದವು. ಚುರುಕು ಮಾಡುವ ಮೂವರೂ ಹೋದರು. ಎಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದವರು ಆ ಮೂವರೇ ಎಂದು ಪಟ್ಟಿಯೇ ಹೇಳಿತು.

ನನಗೆ ಅವಳ ಮೇಲೆ ನಿಜವಾಗಿ ಗೌರವ ಹುಟ್ಟಿದ್ದು ತೆಗೆದದ್ದಕ್ಕಲ್ಲ, ಬಿಟ್ಟದ್ದಕ್ಕೆ. ಕೈ ಚುರುಕಾದ ಮೇಲೆ ನನಗೆ ಉಮೇದು ಬಂದು, ಅರ್ಥವಾಗದ ಹೆಸರಿನ ಒಂದನ್ನು ಒತ್ತಲು ಹೋದೆ. ಅವಳು ನನ್ನ ಕೈ ಹಿಡಿದಳು.

"ಅದೇನದು ಗೊತ್ತದೇನು?"

"ಇಲ್ಲ."

"ಗೊತ್ತಿಲ್ಲಂದ್ರ ಕೀಳಬ್ಯಾಡ್ರಿ. ಅದೇ ಬೆಳಿ ಇದ್ರ?"

ಆ ಹೆಸರನ್ನು ಆಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ಅದನ್ನು ನಿಲ್ಲಿಸಿದ್ದರೆ ಕಂಪ್ಯೂಟರೇ ನಿಲ್ಲುತ್ತಿತ್ತು.

ಬೆಳೆಯ ದಟ್ಟಣೆಯನ್ನು ಮತ್ತೆ ಏರಿಸಿದೆ. ಜೋಳ ಎದ್ದು ನಿಂತಿತು, ಮನುಷ್ಯನೆತ್ತರ, ತೆನೆ ಬಾಗಿಸಿಕೊಂಡು. ಟ್ರ್ಯಾಕ್ಟರು ಬೋಳು ಹೊಲದಲ್ಲಿ ಓಡಿದ ಹಾಗೆ ಓಡಲಿಲ್ಲ, ಆದರೆ ನಡೆಯಿತು. ನೆರಳಿಲ್ಲದ, ಮೋಡವಿಲ್ಲದ ಹೊಲದ ನಡುವೆ ಬೆಳೆಯೊಂದೇ ಹಸಿರಾಗಿತ್ತು. ಆ ಸಂಜೆ ಅಕ್ಕ ಸ್ವಲ್ಪ ಹೊತ್ತು ಕೂತರಂತೆ. ಆದರೂ ಷಡ್ಡಕರ ಫೋನಿನಲ್ಲಿ ಅನುಮಾನ ಇತ್ತು: "ಅಮಾಸಿ ದಿನದ್ದು ನೋಡ್ರಿ ಸಾಹೇಬ್ರ. ಆ ದಿನ ಕೂತ್ರ ಮುಂದೂ ಕೂಡ್ತಾಳ. ಆ ದಿನ ಮಲಗಿದ್ರ ನನಗ ಎಬ್ಬಿಸಾಕ ಆಗಲ್ಲ."

ಎಳ್ಳಮಾಸೆಯ ದಿನ ಹೆಂಡತಿ ಬೆಳಿಗ್ಗೆಯೇ ಕೊಹಿನೂರಕ್ಕೆ ಹೋಗಿ ತವರಿನ ಪೂಜೆ ಮುಗಿಸಿ ಬಂದಳು. ಹೊಲದಲ್ಲಿ ಆ ವರ್ಷ ಮೊದಲ ಸಲ ತಮ್ಮ ಕೂಗಿದನಂತೆ. "ದನಿ ಬದುವಿನ ತನಕಾನೂ ಹೋಗ್ಲಿಲ್ಲ" ಎಂದಳು. ಷಡ್ಡಕರೂ ಅಲ್ಲಿಗೆ ಬಂದಿದ್ದರು, ಒಂದು ಡಬ್ಬಿ ಭಜ್ಜಿ, ತಂಬಿಗೆ ಅಂಬಲಿ ಕಟ್ಟಿಸಿಕೊಂಡು ಹುಮನಾಬಾದಿಗೆ ಮರಳಿದ್ದರು. ನಾನು ಮನೆಯಲ್ಲಿ ಕರೆಂಟಿನ ಚಿಂತೆ, ಇಂಟರ್ನೆಟ್ಟಿನ ಚಿಂತೆ, ಕರೆಂಟು ಇಂಟರ್ನೆಟ್ಟು ಎರಡೂ ಇದ್ದು ಅಕ್ಕನೇ ಏಳದಿದ್ದರೆ ಎಂಬ ಚಿಂತೆ ಮಾಡುತ್ತ ಕೂತಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನ್ ಬಂತು. ಅಕ್ಕ ಕುರ್ಚಿಗೆ ಬಂದಿದ್ದರು.

ಅಕ್ಕನ ಟ್ರ್ಯಾಕ್ಟರಿನ ಹಿಂದೆ ಗೊಬ್ಬರ ಚೆಲ್ಲುವ ಯಂತ್ರ, ನನ್ನ ಹೆಂಡತಿಯ ಟ್ರ್ಯಾಕ್ಟರಿನ ಹಿಂದೆ ನೀರು ಸಿಂಪಡಿಸುವ ಟ್ಯಾಂಕರ್. ಹೊಲದ ಮೂಲೆಯಲ್ಲಿ ಒಂದರ ಹಿಂದೆ ಒಂದು ನಿಂತವು. ಹೆಂಡತಿ ತಲೆಯ ಮೇಲೆ ಸೆರಗು ಹೊದ್ದಳು. ಟೇಬಲ್ಲಿನ ಮೇಲಿಟ್ಟ ಫೋನಿನಿಂದ ಅಕ್ಕನ ಕೂಗು ಬಂತು, ಮೊದಲು ಕುಗ್ಗಿದ ದನಿಯಲ್ಲಿ, ಆಮೇಲೆ ಏರಿ:

"ಓಲಗ್ಯಾ... ಓಲಗ್ಯಾ..."

"ಚಲೋಂ ಪಲಗ್ಯಾ..." ಎಂದಳು ಇವಳು.

ಈ ಕೂಗಿನ ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಒಂದೊಂದು ಊರಲ್ಲಿ ಒಂದೊಂದು ರೀತಿ ಕೂಗುತ್ತಾರೆ. ನಾನು ವರ್ಷವೂ ಕೇಳಿದ್ದೇನೆ. ಆದರೆ ಟ್ರ್ಯಾಕ್ಟರಿನ ಸದ್ದಿನ ಮೇಲೆ, ಎರಡು ಊರುಗಳ ನಡುವೆ ಅದು ಹೋಗಿ ಬರುವುದನ್ನು ಕೇಳಿ ನನ್ನ ಮೈಮೇಲಿನ ಕೂದಲು ಎದ್ದವು.

ಒಂದು ಬದಿ ಮುಗಿಯಿತು. ಎರಡನೆಯ ಬದಿಯ ನಡುವೆ ನಮ್ಮ ಟ್ರ್ಯಾಕ್ಟರು ಎಳೆಯತೊಡಗಿತು. ಟ್ಯಾಂಕರಿನಿಂದ ಹಾರುವ ನೀರಿನ ಹನಿ ಹನಿಯನ್ನೂ ತೋರಿಸಬೇಕಲ್ಲ, ಮುದುಕನ ಉಸಿರು ಕಟ್ಟಿತು. ಚಿತ್ರ ನಿಲ್ಲುವುದು, ಮುಂದೆ ಹೋಗುವುದು, ಮತ್ತೆ ನಿಲ್ಲುವುದು. ಫ್ಯಾನು ಕೂಗಿತು. ನಾನು ಮೌಸಿಗೆ ಕೈ ಚಾಚಿದೆ, ಪಟ್ಟಿ ತೆರೆದು ಇನ್ನೇನಾದರೂ ತೆಗೆಯಬಹುದೇ ನೋಡೋಣವೆಂದು. ಆಟ ಬಿಟ್ಟು ಬೇರೆ ಕಿಟಕಿಗೆ ಹೋದಾಗಲೇ ಅದು ಕಪ್ಪಾಗುತ್ತಿದ್ದದ್ದು ಎಂದು ಅವಳಿಗೆ ನೆನಪಿತ್ತು, ನನಗಿರಲಿಲ್ಲ.

"ಏನೂ ಮುಟ್ಟಬ್ಯಾಡ್ರಿ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

"ನಿಂತೀತು."

"ನಿಂತಿಲ್ಲ. ನಿಧಾನ ಅದ ಅಷ್ಟ. ಕೈ ಕಟ್ಕೊಂಡು ಕೂಡ್ರಿ."

ಕೈ ಕಟ್ಟಿಕೊಂಡು ಕೂತೆ. ಏನೂ ಮಾಡದೆ ಕೂಡಲು ಅಷ್ಟು ಶ್ರಮ ಬೇಕೆಂದು ನನಗೆ ಗೊತ್ತಿರಲಿಲ್ಲ. ಅವಳು ಮಾತ್ರ ಮೊಂಡು ಎತ್ತನ್ನು ಹೊಡೆಯದೆ ನಡೆಸುವವಳ ಹಾಗೆ, ಚಿತ್ರ ನಿಂತಾಗ ಕೀಲಿಯಿಂದ ಬೆರಳು ತೆಗೆದು ಕಾಯುತ್ತಿದ್ದಳು, ಅದು ಉಸಿರೆಳೆದ ಮೇಲೆ ಮತ್ತೆ ಮೆಲ್ಲಗೆ ಒತ್ತುತ್ತಿದ್ದಳು. ಒಂದು ಸಲವೂ ಬೈಯಲಿಲ್ಲ.

"ತಂಗಿ, ಬಂದಿ?"

"ಬರಾಕತ್ತೀನಿ ಅಕ್ಕಾ. ಮೂಲಿಗಿ ನಿಲ್ಲು."

"ನಿಂತೀನಿ, ನಿಂತೀನಿ. ಗಡಬಡ ಮಾಡಬ್ಯಾಡ. ಅರ್ಧಕ್ಕ ಬಿಡಬ್ಯಾಡ ಅಷ್ಟ."

ಅಕ್ಕ ಮೂಲೆ ಮೂಲೆಗೂ ನಿಂತು ಕಾದರು. ಕಾಯುವಾಗ ಸುಮ್ಮನಿರಲಿಲ್ಲ. ಚಿಕ್ಕಂದಿನಲ್ಲಿ ತಂಗಿ ಚರಗದ ನೀರನ್ನು ನಡುದಾರಿಯಲ್ಲೇ ಚೆಲ್ಲಿಕೊಂಡು ಅತ್ತದ್ದು, ಎತ್ತಿನ ಕೊಂಬಿಗೆ ಕಟ್ಟಿದ ಗೊಂಡೆ ಕದ್ದದ್ದು, ಎಲ್ಲ ತೆಗೆದರು. ಇವಳು ಇಲ್ಲಿಂದ, "ಸುಳ್ಳು ಹೇಳಬ್ಯಾಡ, ಕದ್ದಾಕಿ ನೀನು" ಎಂದಳು. ಮೂರನೆಯ ಬದಿಯಲ್ಲಿ ನಮ್ಮ ಟ್ರ್ಯಾಕ್ಟರು ತೆವಳುತ್ತಿದ್ದಾಗ ನನ್ನ ಫೋನು ನಡುಗಿತು. ಷಡ್ಡಕರು, ಪಿಸುದನಿಯಲ್ಲಿ:

"ಸಾಹೇಬ್ರ, ನಾ ಅಡಗಿಮನ್ಯಾಗಿಂದ ಮಾತಾಡಾಕತ್ತೀನಿ. ನಿಮ್ಮದು ಜೋರ್ ಓಡಸಬ್ಯಾಡ್ರಿ. ಹಿಂಗ ಇರ್ಲಿ. ಬಿದ್ದ ಮ್ಯಾಲ ಇಷ್ಟೊತ್ತು ಇಕಿ ಎಂದೂ ಕೂತಿಲ್ಲ."

"ನಾ ಓಡಸಾಕತ್ತಿಲ್ಲರಿ ಅಣ್ಣಾರ. ನಾ ಕೈ ಕಟ್ಕೊಂಡು ಕೂತೀನಿ."

"ಭಾಳ ಚಲೋ ಕೆಲಸ. ಹಂಗೇ ಕೂಡ್ರಿ."

ನಾಲ್ಕನೆಯ ಬದಿ ಮುಗಿಯುವ ಹೊತ್ತಿಗೆ ನಮ್ಮ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಎರಡು ಟ್ರ್ಯಾಕ್ಟರುಗಳೂ ಹೊರಟ ಮೂಲೆಗೆ ಬಂದು ಅಕ್ಕಪಕ್ಕ ನಿಂತವು. ಅಕ್ಕ ಕೊನೆಯ ಸಲ ಕೂಗಿದರು, ಇವಳು ಕೊನೆಯ ಸಲ ಉತ್ತರ ಕೊಟ್ಟಳು. ನಾನು ಕಟ್ಟಿದ ಕೈ ಬಿಚ್ಚಿದೆ, ಜೋಮು ಹಿಡಿದಿತ್ತು.

ಆಮೇಲೆ ಅಕ್ಕ, "ತಂಗಿ, ಇದು ಎಲ್ಲಾ ಬರಾಬರ್ ಆಯ್ತು. ಆದ್ರ ಖರೇದು ಒಂದ್ ಹಿಡಿ ಆದ್ರೂ ಭೂಮಿಗಿ ಬೀಳಬೇಕಲ್ಲ" ಎಂದರು. "ಹಿತ್ತಲದಾಗ ನುಗ್ಗಿ ಗಿಡ ಅದ. ಏನ್ರಿ, ಆ ಭಜ್ಜಿ ಡಬ್ಬಿ ತರ್ರಿ. ಆ ವಾಕರ್ ಇತ್ತಾಗ ಕೊಡ್ರಿ."

"ಹಿತ್ತಲ ತನಕ? ನಾ ಚೆಲ್ಲಿ ಬರ್ತೀನಿ ತಾ" ಎಂಬ ಷಡ್ಡಕರ ಗಾಬರಿಯ ದನಿ.

"ನೀವು ಕೂಗಿದ್ರ ಗಿಡ ಒಣಗ್ತದ. ಸರೀರಿ."

ಕುರ್ಚಿ ಸರಿದ ಸದ್ದು. ವಾಕರಿನ ಕಾಲು ನೆಲಕ್ಕೆ ತಾಗುವ ಸದ್ದು, ನಿಲ್ಲುವುದು, ಮತ್ತೆ ತಾಗುವುದು. "ಹೊಸ್ತಲಾ, ಹೊಸ್ತಲಾ, ಜರಾ ನೋಡು" ಎಂದು ಷಡ್ಡಕರು. "ಕಾಣಾಕತ್ತದ, ಮುಂದ ನಡೀರಿ ನೀವು" ಎಂದು ಅಕ್ಕ. ಸದ್ದು ದೂರವಾಯಿತು. ನಾನು ಕೇಡುಗಳನ್ನು ಎಣಿಸತೊಡಗಿದೆ. ಮತ್ತೆ ಜಾರಿದರೆ, ರಾಡು ಸರಿದರೆ, ಹೊಸ್ತಿಲಲ್ಲೇ, ಹಬ್ಬದ ದಿನವೇ. ಹೆಂಡತಿ ಫೋನಿನ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿಕೊಂಡಿದ್ದಳು.

ಬಹಳ ದೂರದಿಂದ, ಹಿತ್ತಲಿನಿಂದ, ಬಯಲಲ್ಲಿ ನಿಂತು ಕೂಗುವವರ ದನಿ ಬಂತು.

"ಓಲಗ್ಯಾ..."

ಇಲ್ಲಿಂದ ಅಲ್ಲಿಗೆ ಕೇಳಬೇಕೆಂದು ನನ್ನ ಹೆಂಡತಿ ಎದ್ದು ನಿಂತು ಎಷ್ಟು ಜೋರಾಗಿ ಉತ್ತರ ಕೊಟ್ಟಳೆಂದರೆ ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಮ್ಮ ತೆರೆದ ಬಾಗಿಲಿಗೆ ಬಂದು ಇಣುಕಿದರು, ಏಜೆಂಟ್ ಸಾಹೇಬರ ಮನೆಯಲ್ಲೇ ಏನೋ ಆಯಿತೆಂದು. ಏನಿಲ್ಲರಿ ಎಂದು ಕೈಯಾಡಿಸಿ, ಕಂಪ್ಯೂಟರ್ ತಣ್ಣಗಾಗಲಿ ಎಂದು ಆರಿಸಲು ಹೋದೆ.

"ಇರ್ಲಿ ಬಿಡ್ರಿ" ಎಂದಳು. ಪರದೆಯಲ್ಲಿ ಅಕ್ಕನ ಟ್ರ್ಯಾಕ್ಟರು ಇಂಜಿನ್ ಆರಿಸದೆ ನಿಂತಿತ್ತು, ಅದರ ಪಕ್ಕ ಇವಳದು. "ಅಕ್ಕ ಹಿತ್ತಲದಿಂದ ಬಂದು ಕುರ್ಚಿ ಮ್ಯಾಲ ಕೂಡ್ಲಿ. ಜೋಳಕ್ಕ ಇನ್ನೊಮ್ಮೆ ಗೊಬ್ಬರ ಹಾಕೋದದ."